ಹುಲ್ಲುಹಾಸಿನ ಅಡ್ಡಗೆರೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ವರ್ಷಗಟ್ಟಲೆ ಕುಳಿತು ಮನಸ್ಸನ್ನು ಸಮ ಮಾಡಿಕೊಂಡಿದ್ದೇನೆ. ಆದರೂ ದಿನವೂ ಒಂದೇ ನೆನಪು ಅದಕ್ಕೆ ಅಡ್ಡ ಹಾದುಹೋಗುತ್ತದೆ. ಅದನ್ನು ಅಳಿಸುವುದು ಹೇಗೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕ ಊರಾಚೆಯ ಬಯಲನ್ನು ಕೊಂಡು ಮನೆ ಕಟ್ಟಿಸಿದ. ಸುತ್ತ ಗೋಡೆ ಎಬ್ಬಿಸಿ, ಮನೆಯ ಮುಂದೆ ಹುಲ್ಲುಹಾಸು ಬೆಳೆಸಿ, ಅದನ್ನು ನೋಡಿಕೊಳ್ಳಲು ಒಬ್ಬ ಮಾಲಿಯನ್ನು ಇಟ್ಟ. ಉಪ್ಪರಿಗೆಯಿಂದ ನೋಡಿದರೆ ಹುಲ್ಲು ಜಮಖಾನೆಯಂತೆ ಪಟ್ಟೆಪಟ್ಟೆಯಾಗಿ ಕಾಣಬೇಕು ಎಂಬುದು ವರ್ತಕನ ಆಸೆ.

ಮಾಲಿ ತಿಂಗಳುಗಟ್ಟಲೆ ಹೆಣಗಿ ಆ ಕೆಲಸ ಕಲಿತ. ಹುಲ್ಲು ಕೊಯ್ಯುವ ಯಂತ್ರದ ಹಿಂದೆ ಒಂದು ಉರುಳೆ ಇತ್ತು. ಅದು ಹೋದ ದಿಕ್ಕಿಗೆ ಹುಲ್ಲು ಮಲಗುತ್ತಿತ್ತು. ನೋಡುವವನಿಂದ ಆಚೆಗೆ ಮಲಗಿದ್ದು ತಿಳಿಯಾಗಿ ಹೊಳೆಯುತ್ತಿತ್ತು. ಅವನ ಕಡೆಗೆ ಮಲಗಿದ್ದು ಕಪ್ಪಾಗಿ ಕಾಣುತ್ತಿತ್ತು. ಕಾಲಬುಡ ನೋಡುತ್ತ ನೂಕಿದರೆ ಪಟ್ಟೆ ಸೊಟ್ಟಗಾಗುತ್ತದೆ, ಎದುರು ಗೋಡೆಯ ಗುರುತೊಂದರಲ್ಲಿ ಕಣ್ಣು ನೆಟ್ಟು ನಡೆದರೆ ನೇರವಾಗುತ್ತದೆ ಎಂಬುದನ್ನೂ ಕಂಡುಕೊಂಡ. ಒಂದು ಸಲ ಹೋಗುವುದು, ತಿರುಗಿ ಹಿಂದಿನ ಪಟ್ಟೆಯ ಅಂಚು ಹಿಡಿದು ಬರುವುದು. ಕೊನೆಗೆ ನೂಲು ಹಿಡಿದು ಎಳೆದಂತಹ ಪಟ್ಟೆಗಳು ಮೂಡಿದವು.

ಆ ಬಯಲಿನಲ್ಲಿ ಮೊದಲು ಒಂದು ಕಾಲುದಾರಿ ಇತ್ತು. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಮಗಳಿಗೆ ಒಬ್ಬ ಮುದುಕಿ ದಿನವೂ ಮಧ್ಯಾಹ್ನದ ಬುತ್ತಿ ಒಯ್ಯುತ್ತಿದ್ದದ್ದು ಅದರಲ್ಲೇ. ಗೋಡೆ ಎದ್ದ ಮೇಲೂ ಎದುರುಬದುರು ಮೂಲೆಗಳಲ್ಲಿ ಎರಡು ಸಂದುಗಳು ಉಳಿದಿದ್ದವು. ಅವಳು ಒಂದರಲ್ಲಿ ನುಸುಳಿ ಇನ್ನೊಂದರಲ್ಲಿ ಹೊರಬೀಳುತ್ತಿದ್ದಳು. ಅವಳ ಹೆಜ್ಜೆಗೆ ಪಟ್ಟೆ ಕೆಡುತ್ತಿತ್ತು. ಒಂದು ದಿನ ಮಾಲಿ ಎರಡು ಸಂದುಗಳಿಗೂ ಕಲ್ಲು ಜೋಡಿಸಿಬಿಟ್ಟ.

ಮುದುಕಿ ಗೋಡೆಯಾಚೆ ನಿಂತು, “ಒಂದು ಹೆಜ್ಜೆಯಗಲ ದಾರಿ ಬಿಡಪ್ಪಾ. ಸುತ್ತಿ ಹೋಗಲು ಕಾಲಲ್ಲಿ ಶಕ್ತಿಯಿಲ್ಲ” ಎಂದಳು.

“ಹುಲ್ಲು ಕೆಡುತ್ತದೆ, ಅಜ್ಜಿ. ಸುತ್ತಿಯೇ ಹೋಗು” ಎಂದ ಮಾಲಿ. ಹಾಗೆನ್ನುವಾಗ ಅವನು ಯಂತ್ರವನ್ನೂ ನಿಲ್ಲಿಸಲಿಲ್ಲ.

ಬೇಸಗೆ ನಡೆದಿತ್ತು. ಎಂಟನೆಯ ದಿನ ಅವಳು ಸುತ್ತುದಾರಿಯ ಕಲ್ಲುಗಳ ನಡುವೆ ಬಿದ್ದು ಸತ್ತಳೆಂದು ಸುದ್ದಿ ಬಂತು. ಬುತ್ತಿಯ ಗಂಟು ಕೈಯಲ್ಲೇ ಇತ್ತಂತೆ. ಮಾಲಿ ಆ ದಿನ ಊಟ ಮಾಡಲಿಲ್ಲ. ಮರುದಿನ ಮಾಡಿದ.

ಹದಿನೈದು ದಿನ ಕಳೆದ ಮೇಲೆ ಪಟ್ಟೆಗಳ ಮೇಲೆ ಒಂದು ಅಡ್ಡಗೆರೆ ಕಾಣಿಸಿತು. ಹೆಜ್ಜೆಯಗಲದ್ದು, ಮೂಲೆಯಿಂದ ಮೂಲೆಗೆ. ಸಂದಿನ ಕಲ್ಲು ಒಂದೂ ಕದಲಿರಲಿಲ್ಲ. ಮಾಲಿ ಯಂತ್ರ ಓಡಿಸಿ ಸರಿ ಮಾಡಿದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಗೆರೆ ಮತ್ತೆ ಅಲ್ಲೇ ಇತ್ತು. ಯಾವುದೋ ನಾಯಿಯ ಕೆಲಸವೆಂದು ಅದರ ಉದ್ದಕ್ಕೂ ಮುಳ್ಳು ಹಾಸಿದ. ಮುಳ್ಳು ಮಿಸುಕಲಿಲ್ಲ, ಅದರಡಿಯ ಹುಲ್ಲು ಮಲಗಿತ್ತು.

ವರ್ತಕ ಉಪ್ಪರಿಗೆಯಿಂದ ಕೂಗಿದ: “ನಾಡಿದ್ದು ಬೀಗರು ಬರುತ್ತಾರೆ. ಆ ಗೆರೆ ಹೋಗಬೇಕು, ಇಲ್ಲವೇ ನೀನು ಹೋಗಬೇಕು.”

ಮರುದಿನ ಮಾಲಿ ಮುಳ್ಳು ತೆಗೆದು, ಹುಲ್ಲನ್ನು ಸಮ ಮಾಡಿ, ಅದರ ನಟ್ಟನಡುವೆ ಕಾದು ನಿಂತ. ಸೂರ್ಯ ನೆತ್ತಿಗೆ ಬಂದ. ಗಾಳಿ ಇರಲಿಲ್ಲ. ಮೂಲೆಯಲ್ಲಿ ಪಾದದಷ್ಟು ಹುಲ್ಲು ಬಾಗಿತು. ಅದರ ಮುಂದೆ ಇನ್ನೊಂದು ಪಾದದಷ್ಟು. ಎಡ, ಬಲ, ಎಡ. ಯಾರೂ ಇರಲಿಲ್ಲ. ನಾಲ್ಕಾರು ಹೆಜ್ಜೆಗೊಮ್ಮೆ ಅದು ನಿಲ್ಲುತ್ತಿತ್ತು, ದಣಿದವರು ನಿಲ್ಲುವಂತೆ. ಮತ್ತೆ ಬರುತ್ತಿತ್ತು. ಕೊನೆಯ ಹೆಜ್ಜೆ ಅವನ ಹೆಬ್ಬೆರಳಿನ ಮುಂದೆ ಒತ್ತಿ ನಿಂತಿತು.

ಅದು ಮುಂದೆ ಬರಲಿಲ್ಲ. ಬಳಸಿ ಹೋಗಲೂ ಇಲ್ಲ. ಕಾಯುತ್ತಿತ್ತು. ಅವನ ಎದೆಯ ಮಟ್ಟದಲ್ಲಿ ಯಾರೋ ಏದುಸಿರು ಬಿಟ್ಟಂತಾಯಿತು.

“ಅಜ್ಜಿ, ತಪ್ಪಾಯಿತು” ಎಂದ ಮಾಲಿ.

ಹುಲ್ಲು ಅಲುಗಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಆಗಲೂ ಇಲ್ಲ. ಕೊನೆಗೆ ಪಕ್ಕಕ್ಕೆ ಸರಿದ. ಅದು ಅವನನ್ನು ದಾಟಿ, ಹೆಜ್ಜೆ ಹೆಜ್ಜೆಗೂ ಹುಲ್ಲು ಬಾಗಿಸುತ್ತ, ಎದುರು ಮೂಲೆಯವರೆಗೆ ಹೋಯಿತು.

ಅಂದೇ ಮಾಲಿ ಎರಡೂ ಸಂದುಗಳ ಕಲ್ಲು ಕಿತ್ತ. ಆಮೇಲೆ ಯಂತ್ರವನ್ನು ಆ ಅಡ್ಡಗೆರೆಯ ಅಂಚಿಗೆ ಹಿಡಿದು, ಹುಲ್ಲುಹಾಸಿನ ಪಟ್ಟೆಗಳನ್ನೆಲ್ಲ ಅದರ ದಿಕ್ಕಿಗೇ ಓರೆಯಾಗಿ ಎಳೆದ. ಕತ್ತಲಾಗುವ ಮೊದಲು ಕೆಲಸ ಮುಗಿಯಿತು. ಬೀಗರು ಉಪ್ಪರಿಗೆಯಿಂದ ನೋಡಿ, ಇಂಥ ಪಟ್ಟೆ ಎಲ್ಲಿಯೂ ಕಂಡಿಲ್ಲವೆಂದರು. ವರ್ತಕ ಎಷ್ಟು ಹುಡುಕಿದರೂ ಅಡ್ಡಗೆರೆ ಸಿಗಲಿಲ್ಲ.

ಮಾಲಿ ಆ ಮನೆಯಲ್ಲಿ ಇಪ್ಪತ್ತು ವರ್ಷ ದುಡಿದ. ಮಧ್ಯಾಹ್ನವಾದರೆ ಯಂತ್ರ ನಿಲ್ಲಿಸಿ ಬದಿಗೆ ನಿಲ್ಲುತ್ತಿದ್ದ. ಆ ಗೆರೆಯಿದ್ದ ನಡುವಿನ ಪಟ್ಟೆಯ ಮೇಲೆ ಅವನು ಎಂದೂ ಉರುಳೆ ಹಾಯಿಸಲಿಲ್ಲ. ಆದರೂ ಅಲ್ಲಿಯ ಹುಲ್ಲು ಒಂದು ದಿನವೂ ಎದ್ದು ನಿಲ್ಲಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ: “ಹಾಗಾದರೆ, ನಡೆಯುತ್ತಿದ್ದವಳು ಆ ಮುದುಕಿಯೇ?”

ಗುರುಗಳು ಹೇಳಿದರು: “ಅವಳಿರಲಿ, ದಿನವೂ ನಿನ್ನೆದುರು ಬಂದು ನಿಂತು ಕಾಯುತ್ತಿರುವುದು ಯಾರು?”