ಮುಳ್ಳು ತೆಗೆಯುವ ಮದಲೇನಮ್ಮ

ಬಹಳ ಹಿಂದೆ, ಒಂದು ಊರಿನಲ್ಲಿ, ಮದಲೇನಮ್ಮ ಅಂತ ಒಬ್ಬಳಿದ್ದಳು. ಎಷ್ಟು ಹಿಂದೆ ಅಂತ ಕೇಳಬೇಡಿ. ನಮ್ಮಜ್ಜಿಯ ಅಜ್ಜಿ ಇದನ್ನು ಹೇಳುವಾಗಲೂ ಬಹಳ ಹಿಂದೆ ಅಂತಲೇ ಶುರು ಮಾಡುತ್ತಿದ್ದಳಂತೆ. ಊರು ಇದೇ, ನಮ್ಮ ಕರಿಬಂಡೆಪಾಳ್ಯ. ಬೆಟ್ಟವೂ ಇದೇ. ಆಗ ಅದರ ಮೈತುಂಬ ಕಾರೆಮುಳ್ಳು, ಜಾಲಿಮುಳ್ಳು. ಆಡುಗಳು ಕೂಡ ಯೋಚನೆ ಮಾಡಿ ಕಾಲಿಡುತ್ತಿದ್ದವಂತೆ.

ಮದಲೇನಮ್ಮ ಮುಳ್ಳು ತೆಗೆಯುವವಳು. ಎಕ್ಕದ ಹಾಲು ಒಂದು ತೊಟ್ಟು ಬಿಟ್ಟು, ಬಿಸಿ ಬೆಲ್ಲ ಮೆತ್ತಿ, ಸೂಜಿಯಲ್ಲಿ ಒಮ್ಮೆ ಮೀಟಿದರೆ ಎಂಥ ಮುಳ್ಳೂ ತಲೆ ಎತ್ತುತ್ತಿತ್ತಂತೆ. ಅಂಗಾಲು ಸವರಿಯೇ ಯಾವ ಹೊಲದ ಮುಳ್ಳು ಅಂತ ಹೇಳುತ್ತಿದ್ದಳಂತೆ. ಒಂದು ಕರಡಿ ಕುಂಟುತ್ತ ಬಂದು ಅವಳ ಬಾಗಿಲಲ್ಲಿ ಕೂತಿತ್ತು ಅಂತಲೂ ಹೇಳುತ್ತಾರೆ. ಕರಡಿಯ ವಿಷಯ ನಾನು ನಂಬುವುದಿಲ್ಲ. ಉಳಿದದ್ದನ್ನು ನಂಬುತ್ತೇನೆ.

ಆ ಸೀಮೆಗೆ ಒಬ್ಬ ಪಾಳೇಗಾರ. ಅವನಿಗೆ ಬೆಟ್ಟದ ಮೇಲೊಂದು ಕೋಟೆ ಬೇಕಾಯಿತು. ಕಲ್ಲು ಹೊರಲು ಯಾರು? ಮೇಲಿನ ಬೀದಿಯವರು ಅದು ಇದು ಹೇಳಿ ತಪ್ಪಿಸಿಕೊಂಡರು. ಉಳಿದವರು ಕೆಳಗಿನ ಕೇರಿಯವರು. ಬಿಟ್ಟಿ ಚಾಕರಿ, ಕೂಲಿ ಅನ್ನುವ ಮಾತೇ ಇಲ್ಲ. ಮೇಲೆ ಇನ್ನೊಂದು ಕಟ್ಟಳೆ: ಬೆಟ್ಟಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಹತ್ತುವ ಹಾಗಿಲ್ಲ. ದೊರೆಯ ಕೋಟೆಗೆ ಅವಮಾನವಂತೆ. ತಲೆಯ ಮೇಲೆ ಕಲ್ಲು, ಕಾಲಿನ ಕೆಳಗೆ ಮುಳ್ಳು, ಹೀಗೆ ಹತ್ತಿದರು, ಹೀಗೆ ಇಳಿದರು.

ಸಂಜೆಯಾದರೆ ಮದಲೇನಮ್ಮನ ಬಾಗಿಲಲ್ಲಿ ಸಾಲು. ಅವಳು ಒಬ್ಬೊಬ್ಬರ ಪಾದವನ್ನೂ ಮಡಿಲಲ್ಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದಳು. ಬೆಳಿಗ್ಗೆ ಅವರು ಮತ್ತೆ ಹತ್ತುತ್ತಿದ್ದರು, ಸಂಜೆ ಮತ್ತೆ ಬರುತ್ತಿದ್ದರು. ಅವಳು ಮತ್ತೆ ತೆಗೆಯುತ್ತಿದ್ದಳು.

ಒಂದು ದಿನ ಪಾಳೇಗಾರನ ಪಾರುಪತ್ಯಗಾರ ಅವಳ ಮನೆಗೆ ಒಂದು ಸೀರೆ, ಒಂದು ಮೂಟೆ ಅಕ್ಕಿ ಕಳಿಸಿದನಂತೆ. ಇವಳಿಂದಾಗಿ ಆಳುಗಳು ಒಂದು ದಿನವೂ ತಪ್ಪಿಸುತ್ತಿಲ್ಲ, ಕೋಟೆ ಬೇಗ ಬೇಗ ಏಳುತ್ತಿದೆ, ದೊರೆಗೆ ಸಂತೋಷವಾಗಿದೆ ಅಂತ ಹೇಳಿಕಳಿಸಿದ. ಮದಲೇನಮ್ಮನಿಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಸೀರೆ ವಾಪಸು ಕಳಿಸಿದಳು. ಅಕ್ಕಿ ಕಳಿಸಲಿಲ್ಲ. ಕೇರಿಗೆ ಹಂಚಿದಳು. ಪೆದ್ದಿಯೇನಲ್ಲ.

ಆಮೇಲೆ ನೆಟ್ಟಗೆ ಊರಿನ ಚರ್ಚಿಗೆ ಹೋದಳು. ಅಲ್ಲಿ ಪಾದ್ರಿ ಗುರುಗಳಿದ್ದರು. ಜೊತೆಗೆ ಮೇಲಿನ ಬೀದಿಯ ಹಿರಿಯ ರಾಯಪ್ಪನೂ ಇದ್ದ.

“ಸಂಜೆ ನಾನು ತೆಗೀತೀನಿ, ಬೆಳಿಗ್ಗೆ ಅರಮನೆಯವರು ಚುಚ್ಚಿಸ್ತಾರೆ. ನಾನು ಯಾರ ಚಾಕರಿ ಮಾಡ್ತಿದೀನಿ ಸ್ವಾಮಿ?” ಅಂತ ಕೇಳಿದಳಂತೆ.

ಗುರುಗಳು ಒಳ್ಳೆಯವರು, ಆದರೆ ಪುಕ್ಕಲು. ರಾಯಪ್ಪನೇ ಉತ್ತರ ಕೊಟ್ಟ. ಅರಮನೆಯ ವಿಷಯ ಅರಮನೆಗೆ, ಚರ್ಚಿನ ವಿಷಯ ಚರ್ಚಿಗೆ, ಎರಡನ್ನೂ ಕಲಸಬಾರದು ಅಂದ. ಹಾಗೆ ಹೇಳಿದವನೇ ಬರುವ ಪವಿತ್ರ ಗುರುವಾರಕ್ಕೆ ಪಾಳೇಗಾರನನ್ನು ಚರ್ಚಿಗೆ ಕರೆದಿದ್ದ, ನೋಡಿ. ಚರ್ಚಿನ ಹಿಂದಿನ ಜಾಗ ಅವನಿಂದ ಬರೆಸಿಕೊಳ್ಳಬೇಕಿತ್ತು. ಆಗ ಮಾತ್ರ ಕಲಸಬಹುದು.

ಈ ಹೊತ್ತಿಗೆ ಮದಲೇನಮ್ಮನ ತಮ್ಮ ಇನ್ನಾಸಪ್ಪನ ಬಲಗಾಲು ಕಪ್ಪಗಾಗಿತ್ತು. ಇನ್ನೊಂದು ದಿನ ಬೆಟ್ಟ ಹತ್ತಿದರೆ ಆ ಕಾಲು ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಾಗಿತ್ತು. ಹತ್ತದಿದ್ದರೆ ದೊರೆಯ ಅಪ್ಪಣೆಯಂತೆ ಹೆಂಡತಿ ಮಕ್ಕಳ ಸಮೇತ ಊರು ಬಿಡಬೇಕು. ಕಾಲೋ, ಊರೋ? ಅಕ್ಕ ತಮ್ಮ ಇಬ್ಬರೂ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ತನ್ನ ಹನ್ನೆರಡು ಜನ ಶಿಷ್ಯರ ಪಾದ ತೊಳೆದ ದಿನ. ಅವತ್ತು ಗುರುಗಳು ಊರಿನ ಹನ್ನೆರಡು ಜನರ ಪಾದ ತೊಳೆಯುತ್ತಾರೆ, ನಿಮಗೆ ಗೊತ್ತೇ ಇದೆ. ಆ ಕಾಲದಲ್ಲಿ ಆ ಹನ್ನೆರಡು ಮಣೆಗಳು ಮೇಲಿನ ಬೀದಿಯವರಿಗೇ ಮೀಸಲು. ಅವರು ಮನೆಯಲ್ಲಿ ಸೀಗೆಪುಡಿ ಹಚ್ಚಿ ಮೂರು ಸಲ ಪಾದ ಉಜ್ಜಿಕೊಂಡು, ಗಂಧ ಬಳಿದುಕೊಂಡು ತೊಳೆಸಿಕೊಳ್ಳಲು ಬರುತ್ತಿದ್ದರಂತೆ. ಕೆಳಗಿನ ಕೇರಿಯವರು ಬೆಟ್ಟದಿಂದ ನೇರವಾಗಿ ಬಂದು ಅಂಗಳದಲ್ಲೇ ನಿಂತು ನೋಡುತ್ತಿದ್ದರು. ನೀರು ತುಂಬಿಸಿಡುವುದು ಮದಲೇನಮ್ಮನ ಕೆಲಸ.

ಪಾಳೇಗಾರ ಪಲ್ಲಕ್ಕಿಯಲ್ಲಿ ಬಂದ. ಗೇಟಿನ ಹತ್ತಿರ ಎಲ್ಲರ ಹಾಗೆ ಅವನೂ ಮೆಟ್ಟು ಬಿಡಬೇಕಾಯಿತು. ಗೇಟಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಅವನು ಬರಿಗಾಲಲ್ಲಿ ಅಷ್ಟು ದೂರ ನಡೆದದ್ದು ಹುಟ್ಟಿದಾಗಿನಿಂದ ಅದೇ ಮೊದಲು ಅಂತ ಹೇಳುತ್ತಾರೆ. ಅಂಗಳದಲ್ಲಿ ನಿಂತ ಯಾರದೋ ಕಾಲಿನಿಂದ ಬಿದ್ದ ಒಂದು ಕಾರೆಮುಳ್ಳು ಅವನ ಹಿಮ್ಮಡಿಗೆ ನೆಟ್ಟಿತು. ಅಮ್ಮಾ ಅಂತ ನೆಲಕ್ಕೆ ಕೂತ. ದೊರೆಗಳೂ ಅಮ್ಮ ಅಂತಲೇ ಕೂಗುತ್ತಾರೆ.

ರಾಯಪ್ಪನ ಮುಖದಲ್ಲಿ ರಕ್ತವಿಲ್ಲ. ಮದಲೇನಮ್ಮನನ್ನು ಕರೆಯಿರಿ ಅಂದರು. ಅವಳು ಬಂದು ಪಾಳೇಗಾರನ ಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಎಳೆಮಗುವಿನ ಪಾದದ ಹಾಗಿತ್ತಂತೆ.

ಕೆಲವರು ಹೇಳುತ್ತಾರೆ, ಅವಳು ಮುಳ್ಳು ಹಿಡಿದುಕೊಂಡು, ಬಿಟ್ಟಿ ಚಾಕರಿ ನಿಲ್ಲಿಸಿದರೆ ಮಾತ್ರ ತೆಗೆಯುತ್ತೇನೆ ಅಂದಳು ಅಂತ. ಸುಳ್ಳು. ನೋಯುವ ಕಾಲು ಹಿಡಿದುಕೊಂಡು ಚೌಕಾಸಿ ಮಾಡುವವಳಲ್ಲ ಅವಳು. ಮೊದಲು ತೆಗೆದಳು. ಮುಳ್ಳು ಹೊರಗೆ ಬಂತು, ಪಾಳೇಗಾರ ದೀರ್ಘವಾಗಿ ಉಸಿರು ಬಿಟ್ಟ. ಕಣ್ಣಲ್ಲಿ ನೀರು ಬಂತು. ಏನು ಬೇಕೋ ಕೇಳು ಅಂದ.

ಇನ್ನಾಸಪ್ಪ ಅಂಗಳದ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ. ಅವಳು ಅವನನ್ನು ನೋಡಿದಳು. ತಮ್ಮನೊಬ್ಬನನ್ನು ಬಿಡಿಸಿ ಅಂತ ಕೇಳಬಹುದಿತ್ತು. ಕೇಳಿದ್ದರೆ ಸಿಗುತ್ತಿತ್ತು. ಆ ಗಳಿಗೆ ಅವಳಿಗೆ ಎಷ್ಟು ಕಷ್ಟವಾಗಿರಬೇಕು, ನೀವೇ ಯೋಚಿಸಿ.

“ಇನ್ನೂ ಹನ್ನೆರಡು ಜನರದು ತೆಗೀಬೇಕು ದೊರೆ. ಮುಗಿಯೋವರೆಗೂ ಇಲ್ಲೇ ಕೂತಿರಿ. ಅಷ್ಟೇ ಸಾಕು.”

ಇಷ್ಟೇನಾ ಅಂತ ಅವನು ಒಪ್ಪಿಕೊಂಡ. ಅವಳು ಒಳಗೆ ಹೋಗಿ ಮಣೆಗಳ ಮೇಲಿದ್ದವರನ್ನು ಎಬ್ಬಿಸಿ, ಮಣೆಗಳನ್ನು ಅಂಗಳದಲ್ಲಿ ದೊರೆಯ ಎದುರಿಗೆ ಹಾಕಿಸಿದಳು. ದೊರೆಯೇ ನೆಲದ ಮೇಲೆ ಕೂತಿರುವಾಗ ಇವರು ಮಣೆ ಬಿಡುವುದಿಲ್ಲ ಅನ್ನಲಾಗುತ್ತದೆಯೇ? ಗಂಧದ ಪಾದಗಳು ಎದ್ದವು, ಬೆಟ್ಟದ ಪಾದಗಳು ಕೂತವು. ಮೊದಲಿಗೆ ಇನ್ನಾಸಪ್ಪ.

ಒಂದು ಮುಳ್ಳು ತೆಗೆದಳು, ಎರಡು ತೆಗೆದಳು, ಹತ್ತು ತೆಗೆದಳು. ಪ್ರತಿಯೊಬ್ಬನೂ ಪಾಳೇಗಾರ ಉಸಿರು ಬಿಟ್ಟ ಹಾಗೆಯೇ ಉಸಿರು ಬಿಟ್ಟ. ಐದನೆಯವನ ಹೊತ್ತಿಗೆ ಪಾಳೇಗಾರ ಮುಖ ತಿರುಗಿಸಿದನಂತೆ. ಅವಳು ಕೈ ನಿಲ್ಲಿಸಿ ಸುಮ್ಮನೆ ಕಾದಳಂತೆ. ಅವನು ಮತ್ತೆ ನೋಡಿದ ಮೇಲೆ ಆರನೆಯವನ ಪಾದ ಹಿಡಿದಳು. ಅಷ್ಟರಲ್ಲಿ ಗುರುಗಳಿಗೆ ಎಲ್ಲಿಂದ ಧೈರ್ಯ ಬಂತೋ, ತಂಬಿಗೆ ಹಿಡಿದು ಹಿಂದೆಯೇ ಬಂದು ಆ ಪಾದಗಳನ್ನು ತೊಳೆಯತೊಡಗಿದರು. ತೊಳೆದ ನೀರು ಕೆಂಪಗೆ ಹರಿಯಿತು.

ಹನ್ನೆರಡನೆಯವನದೂ ಮುಗಿಯಿತು. ಕೊನೆಯ ಮುಳ್ಳನ್ನು ಪಾಳೇಗಾರನೇ ತೆಗೆದ ಅಂತ ಹೇಳುವವರಿದ್ದಾರೆ. ನಾನು ನಂಬುವುದಿಲ್ಲ, ದೊರೆಗಳು ಒಂದೇ ದಿನದಲ್ಲಿ ಅಷ್ಟು ಬದಲಾಗುವುದಿಲ್ಲ. ಅವನು ಮಾಡಿದ್ದು ಇಷ್ಟು: ಎದ್ದ, ಪಲ್ಲಕ್ಕಿ ಹತ್ತಲಿಲ್ಲ, ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆದುಕೊಂಡು ಹೋದ. ಅವತ್ತು ರಾತ್ರಿಯೇ ಡಂಗುರ ಸಾರಿದರು. ನಾಳೆಯಿಂದ ಬಿಟ್ಟಿ ಚಾಕರಿ ಇಲ್ಲ, ಬೆಟ್ಟಕ್ಕೆ ಯಾರೂ ಬರಬೇಕಾಗಿಲ್ಲ.

ಮರುದಿನ ಕೆಳಗಿನ ಕೇರಿಯವರು ಬಿಸಿಲು ಏರುವವರೆಗೂ ಮಲಗಿದ್ದರಂತೆ. ಅಯ್ಯೋ, ಎಂಥ ನಿದ್ದೆ ಇರಬೇಕು ಅದು! ಇನ್ನಾಸಪ್ಪನ ಕಾಲು ಎರಡು ತಿಂಗಳಿಗೆ ಮಾಯಿತು. ಸ್ವಲ್ಪ ಕುಂಟು ಉಳಿಯಿತು, ಆದರೆ ಕಾಲು ಉಳಿಯಿತು, ಊರೂ ಉಳಿಯಿತು. ಡಂಗುರದ ಮರುದಿನ ಸಂಜೆ ಮದಲೇನಮ್ಮನ ಬಾಗಿಲಿಗೆ ಯಾರೂ ಬರಲಿಲ್ಲ. ಅವಳು ಖಾಲಿ ಜಗುಲಿಯ ಮೇಲೆ ಕಾಲು ಚಾಚಿ ಕೂತು ತನ್ನಷ್ಟಕ್ಕೆ ನಗುತ್ತಿದ್ದಳಂತೆ, ಅಳುತ್ತಿದ್ದಳಂತೆ.

ಈಗಲೂ ನಮ್ಮೂರಿನಲ್ಲಿ ಪವಿತ್ರ ಗುರುವಾರ ಮಣೆಯ ಮೇಲೆ ಹಿರಿಯರು ಕೂರುವುದಿಲ್ಲ. ಹಮಾಲಿಗಳು, ಇಟ್ಟಿಗೆ ಗೂಡಿನವರು, ಕಸ ಗುಡಿಸುವ ಹೆಂಗಸರು ಕೂರುತ್ತಾರೆ. ಪಂಚಾಯಿತಿ ಮೆಂಬರಾಗಲಿ, ಎಮ್ಮೆಲ್ಲೆಯಾಗಲಿ, ಬಂದವರು ಎದುರಿಗೆ ನೆಲದ ಮೇಲೆ ಕೂತು ಹನ್ನೆರಡು ಜನರದೂ ಮುಗಿಯುವವರೆಗೆ ನೋಡಬೇಕು. ಭಾಷಣವಿಲ್ಲ, ಹಾರವಿಲ್ಲ. ಕೆಲವರು ಫೋನು ಬಂತು ಅಂತ ಎದ್ದು ಹೋಗುತ್ತಾರೆ. ನಾವು ತಡೆಯುವುದಿಲ್ಲ.

ಆದರೆ ಓಟು ಕೇಳಲು ಅವರ ಜೀಪು ಬಂದಾಗ, ಏನು ಕೊಡುತ್ತಾನೆ ಅಂತ ನಮ್ಮೂರಿನ ಹೆಂಗಸರು ಕೇಳುವುದಿಲ್ಲ. ಕೊನೆಯವರೆಗೂ ಕೂತಿದ್ದನಾ ಅಂತ ಕೇಳುತ್ತಾರೆ.