ಬಾಯಿಲ್ಲದ ತಪಸ್ವಿ

ಅಘನಾಶಿನಿ ಕಡಲು ಸೇರುವ ಅಳಿವೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿದ್ದವರು ಇಬ್ಬರೇ. ಗುರುಗಳಾದ ಅಜ್ಜಯ್ಯ, ಮತ್ತು ಅಡುಗೆ ಮಾಡಿಕೊಂಡು ಪಾಠ ಕೇಳುತ್ತಿದ್ದ ಶಿಷ್ಯ ಮಾಬ್ಲ.

ಮಾಬ್ಲ ಒಳ್ಳೆಯವನು. ಆದರೆ ಒಲೆಯ ಮೇಲೆ ಗಂಜಿ ಕೊತಕೊತ ಅಂದರೆ ಸಾಕು, ಧ್ಯಾನ ಗೀನ ಎಲ್ಲ ಬಿಟ್ಟು ಎದ್ದೇಬಿಡುತ್ತಿದ್ದ. ಅದಕ್ಕಾಗಿ ತನ್ನ ಮೇಲೆ ತನಗೇ ನಾಚಿಕೆ.

ಒಮ್ಮೆ ಹುಳಹುಪ್ಪಟೆಗಳ ಬಗ್ಗೆ ಓದಿಕೊಂಡ ಅತಿಥಿಯೊಬ್ಬರು ಬಂದರು. ಗೋಡೆಯ ಮೇಲಿದ್ದ, ಅಕ್ಕಿಕಾಳಿನಷ್ಟೇ ಉದ್ದದ ಪತಂಗವನ್ನು ತೋರಿಸಿದರು.

"ಇದು ಸಾಯುವ ತನಕ ಏನನ್ನೂ ತಿನ್ನುವುದಿಲ್ಲ. ತಿನ್ನುವ ಬಾಯೇ ಇಲ್ಲ."

"ಎಂಥ ತಪಸ್ವಿ ಇದು!" ಎಂದ ಮಾಬ್ಲನಿಗೆ ಮೈ ಜುಮ್ಮೆಂದಿತು. ಅತಿಥಿ ಹೊರಟ ದಿನವೇ ಊಟ ಬಿಟ್ಟ. ಆಸೆ ಹುಟ್ಟೀತೆಂದು ಅಡುಗೆಮನೆಯತ್ತ ತಲೆಯೂ ಹಾಕಲಿಲ್ಲ.

"ನಿಮ್ಮ ಊಟ, ಅಜ್ಜಯ್ಯ?"

"ನನ್ನ ಚಿಂತೆ ಬಿಡು."

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ದಡದಲ್ಲಿ ಕೂತಿದ್ದರು. ತಾಯಿ ಡಾಲ್ಫಿನ್ ಒಂದು ಮೀನಿನ ಹಿಂಡನ್ನು ಮರಿಯ ಕಡೆಗೆ ಅಟ್ಟುತ್ತಿತ್ತು.

"ಆ ಪುಟ್ಟ ಪತಂಗ ಎಲ್ಲಿ, ಈ ಡಾಲ್ಫಿನ್ ಎಲ್ಲಿ!" ಎಂದ ಮಾಬ್ಲ. "ಇಷ್ಟು ದೊಡ್ಡ ಮೈ. ಬೆಳಗಿಂದ ತಿನ್ನೋದೇ ಕೆಲಸ."

"ಆ ತಾಯಿ ಇನ್ನೂ ತಿಂದಿಲ್ಲ ಮಾರಾಯ. ಮರಿಗೆ ಸಿಗಲಿ ಅಂತ ಕಾಯ್ತಾ ಉಂಟು."

ಮಾಬ್ಲನ ಕಿವಿಗೆ ಅದು ಬೀಳಲಿಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಬಿಸಿಲು ಬಿದ್ದಿದ್ದರೂ ಅಜ್ಜಯ್ಯ ನಡುಗಿದರು. "ಚಳಿ ಆಗ್ತದೆ. ಪೆಟ್ಟಿಗೆಯಲ್ಲಿ ಉಣ್ಣೆ ಶಾಲು ಉಂಟಲ್ಲ, ತಕೊಂಡು ಬಾ."

ಅದು ಅವರ ಗುರುಗಳು ಹೊದಿಸಿದ್ದ ಶಾಲು. ಮಾಬ್ಲ ತಂದು ಬಿಡಿಸಿದರೆ, ಜರಡಿ! ತೂತುಗಳ ಅಂಚಿನಲ್ಲಿ ಸಣ್ಣ ಬಿಳಿ ಹುಳಗಳು ಮೇಯುತ್ತಿದ್ದವು.

"ಅಯ್ಯೋ, ನುಸಿ ಬಿದ್ದಿದೆ! ಇದರ ಮನೆ ಹಾಳಾಗ!"

"ಬೈಬೇಡ. ಇದು ನಿನ್ನ ತಪಸ್ವಿಯೇ. ರೆಕ್ಕೆ ಬರೋದಕ್ಕೆ ಮುಂಚೆ ಹೀಗಿರ್ತದೆ. ಜೀವಮಾನದ ಊಟವೆಲ್ಲ ಈಗಲೇ ಮುಗಿಸಿಕೊಳ್ತದೆ."

ಮಾಬ್ಲ ಶಾಲು ಹಿಡಿದು ನಿಂತೇ ಇದ್ದ. ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು.

"ಗಂಜಿ ಇಡ್ತೆ ಅಜ್ಜಯ್ಯ" ಎಂದು ಶಾಲನ್ನು ಅವರ ಕೈಗಿತ್ತು ಅಡುಗೆಮನೆಗೆ ಓಡಿದ.

ಒಲೆಯಲ್ಲಿ ಬೆಕ್ಕು ಮಲಗಿತ್ತು. ಊಟ ಬಿಡುವ ಮುಂಚೆ ಅವನೇ ತೊಳೆದು ಕವುಚಿಟ್ಟ ಎರಡು ಬಟ್ಟಲುಗಳು ಹಾಗೆಯೇ ಇದ್ದವು, ಎರಡೂ.

ಬಟ್ಟಲುಗಳನ್ನು ಹಿಡಿದುಕೊಂಡೇ ಹೊರಗೆ ಬಂದ.

"ನೀವೂ ಉಣ್ಣಲಿಲ್ವಾ? ಈ ವಯಸ್ಸಲ್ಲಿ? ಯಾಕೆ ಅಜ್ಜಯ್ಯ?"

ಅಜ್ಜಯ್ಯ ಹುಳ ಕೊಡವಿ, ಆ ತೂತು ಶಾಲನ್ನೇ ಹೊದ್ದುಕೊಂಡರು.

"ನನ್ನ ಗುರುಗಳು ಎಲ್ಲ ಕಲಿಸಿದರು ಮಾರಾಯ. ಒಬ್ಬನೇ ಕೂತು ಉಣ್ಣೋದು ಹೇಗೆ ಅಂತ ಮಾತ್ರ ಕಲಿಸಲಿಲ್ಲ."