ಎದುರಂಗಡಿ ಕಾಯ್ದ ಕಂಬಳಿಗಾರ

ಹತ್ತಿರ ಬನ್ನಿ ಮಕ್ಕಳೇ, ಗದ್ದಲ ಮಾಡಬೇಡಿ. ಇದು ನಗಿಸುವ ಕತೆಯಲ್ಲ, ಆದರೂ ಕೇಳಬೇಕಾದ ಕತೆ.

ಒಂದು ಸೀಮೆಯಲ್ಲಿ ಒಬ್ಬ ರಾಜನಿದ್ದ. ಅವನಿಗೊಬ್ಬಳು ಮುದಿ ತಾಯಿ. ಅವರ ಕೋಟೆಯ ಮುಂದೆ ವಾರಕ್ಕೊಮ್ಮೆ ಸಂತೆ ಕೂಡುತ್ತಿತ್ತು. ಆ ಸಂತೆಯಲ್ಲಿ ಜಕ್ಕಪ್ಪ ಎಂಬ ಕಂಬಳಿಗಾರ ಅಂಗಡಿ ಹಾಕುತ್ತಿದ್ದ.

ಜಕ್ಕಪ್ಪನ ಕೈ ಅಂದರೆ ಕೈ! ಅವನು ನೇಯ್ದ ಕಂಬಳಿ ಹೊದ್ದು ಮಳೆಯಲ್ಲಿ ನಿಂತರೆ ಒಳಗಿನ ಅಂಗಿ ನೆನೆಯುತ್ತಿರಲಿಲ್ಲ. ಮಗ್ಗದಲ್ಲಿ ಕೂತರೆ ಅವನಿಗೆ ಹಸಿವು ನೆನಪಿಲ್ಲ, ನಿದ್ದೆ ನೆನಪಿಲ್ಲ. ಅವನ ಕಂಬಳಿ ಹುಡುಕಿಕೊಂಡು ದೂರದ ಕುರಿಗಾರರು ಬರುತ್ತಿದ್ದರು.

ಹೀಗಿರುವಾಗ ಲಗಮವ್ವ ಎಂಬ ವಿಧವೆ ಆ ಊರಿಗೆ ಬಂದಳು. ಜಕ್ಕಪ್ಪನ ಎದುರಿಗೇ ನಾಲ್ಕು ಕಂಬಳಿ ಹರಡಿ ಕೂತಳು. ಅವನನ್ನು ನೋಡಿ, "ಅಣ್ಣಾರ, ನಿಮ್ಮ ಕೂಡ ಒಂದು ಮಾತು ಆಡೋದಿತ್ತು" ಅಂದಳು. ಜಕ್ಕಪ್ಪ ಮುಖ ತಿರುಗಿಸಿದ. ಅವಳ ನಾಲ್ಕೂ ಕಂಬಳಿ ಮಧ್ಯಾಹ್ನದೊಳಗೆ ಹೋದವು. ಅವನವೂ ಹೋಗಿದ್ದವು, ಎಂದಿನಷ್ಟೇ ಹೋಗಿದ್ದವು. ಆದರೆ ಅದು ಅವನ ಕಣ್ಣಿಗೆ ಬೀಳಲಿಲ್ಲ.

ಮನೆಗೆ ಬಂದವನೇ ಹೆಂಡತಿ ಬರಮವ್ವನಿಗೆ ಅಂದ: "ನನ್ನ ಅನ್ನಕ್ಕ ಕಲ್ಲು ಬಿತ್ತು."

ಮರುದಿನ ಕುರಿಗಾರರ ಹಟ್ಟಿ ಹಟ್ಟಿ ತಿರುಗಿದ. ಕುರಿಮರಿಯ ಮೆತ್ತನೆ ಉಣ್ಣೆಯನ್ನೆಲ್ಲ ತಾನೊಬ್ಬನೇ ಕೊಂಡ. "ಈಗ ಅದೇನು ನೇಯ್ತಾಳೋ ನೋಡೋಣ" ಅಂದ.

ಲಗಮವ್ವ ಉಳಿದ ಒರಟು ಉಣ್ಣೆ ತಂದಳು. ತೊಳೆದಳು, ಹಿಂಜಿದಳು, ನೆಲಕ್ಕೆ ಹಾಸುವ ದಪ್ಪ ಕಂಬಳಿ ನೇಯ್ದಳು. ಅಂಥದ್ದು ಆ ಸಂತೆಗೆ ಬಂದೇ ಇರಲಿಲ್ಲ. ಜನ ಮುಗಿಬಿದ್ದರು.

ಇತ್ತ ಜಕ್ಕಪ್ಪನ ಮನೆಯಲ್ಲಿ ಉಣ್ಣೆಯ ರಾಶಿ ಸೂರು ಮುಟ್ಟಿತ್ತು. ಬರಮವ್ವ ಅಂದಳು: "ಉಣ್ಣಿಗೆ ಹುಳ ಹತ್ಯಾವ. ಮಗ್ಗದಾಗ ಕೂಡ್ರಿ."

"ನಾಳೆ ಕೂಡ್ತೀನಿ. ಮೊದಲು ಅವಳ ಅಂಗಡಿ ಏಳಲಿ."

ಮುಂದಿನ ಸಂತೆಗೆ ಜಕ್ಕಪ್ಪ ಮಾರಲು ಹೋಗಲಿಲ್ಲ, ಮಾತಾಡಲು ಹೋದ. ಸಿಕ್ಕವರ ಕಿವಿಯಲ್ಲೆಲ್ಲ ಊದಿದ: "ಅವಳ ಕಂಬಳಿ ಹೊದ್ದರ ಮೈಯೆಲ್ಲಾ ತುರಿ ಏಳ್ತೈತಿ."

ಲಗಮವ್ವ ಜಗಳಕ್ಕೆ ಹೋಗಲಿಲ್ಲ. ಬಳೆ ತೊಡಿಸಿಕೊಳ್ಳಲು ಬಂದ ಬಾಣಂತಿಯೊಬ್ಬಳ ಕೂಸನ್ನು ತನ್ನ ಕಂಬಳಿಯ ಮೇಲೆ ಮಲಗಿಸಿಕೊಂಡಳು. ಕೂಸು ಸಂತೆ ಮುಗಿಯುವವರೆಗೂ ಕಿಮಕ್ ಅನ್ನದೆ ಮಲಗಿತು. ನೋಡಿದವರು ನಕ್ಕು, ಕೊಂಡು ಹೋದರು.

ಬರಮವ್ವ ಅಂದಳು: "ಮಗ್ಗಕ್ಕ ಜೇಡ ಬಲಿ ಕಟ್ಟೈತಿ. ಬಂದವರು ಬರಿಗೈಲೆ ಹೊಂಟಾರ. ಮಗ್ಗದಾಗ ಕೂಡ್ರಿ."

"ನಾಳೆ ಕೂಡ್ತೀನಿ. ಮೊದಲು ಅವಳ ಅಂಗಡಿ ಏಳಲಿ."

ಹೀಗೇ ಮಗ್ಗ ಮುಟ್ಟದೆ ತಿಂಗಳುಗಳು ಕಳೆದವು. ಮೂರನೆಯ ಉಪಾಯವಾಗಿ ಜಕ್ಕಪ್ಪ ರಾಜನ ಬಳಿಗೇ ಹೋದ. "ದೊರೆಯೇ, ಪರವೂರಿನ ಹೆಂಗಸು ನನ್ನ ಹೊಟ್ಟಿ ಮ್ಯಾಲ ಹೊಡೀತಾಳ. ಅವಳನ್ನ ಊರು ಬಿಡಿಸ್ರಿ."

ರಾಜ ಏನೋ ಹೇಳುವುದರೊಳಗೆ ಒಳಗಿಂದ ಅವನ ತಾಯಿ ಬಂದಳು. "ನನಗ ಚಳಿಗೆ ಮೊಣಕಾಲು ಹಿಡೀತಾವಪ್ಪಾ. ಇಬ್ಬರೂ ಒಂದೊಂದು ಕಂಬಳಿ ತರ್ರಿ. ಯಾರದು ಬೆಚ್ಚಗೈತೋ ಅವರು ಈ ಸಂತ್ಯಾಗ ಇರಲಿ" ಅಂದಳು.

ಜಕ್ಕಪ್ಪ ಓಡೋಡಿ ಮನೆಗೆ ಬಂದ. ಜೇಡರ ಬಲೆ ಕೊಡವಿ ಮಗ್ಗದಲ್ಲಿ ಕೂತ. ಹುಳ ತಿಂದ ಉಣ್ಣೆಯ ನೂಲು ಎಳೆದಲ್ಲೆಲ್ಲ ತುಂಡಾಯಿತು. ಕೈ ಒಂದು ಹೇಳಿದರೆ ಕಾಲು ಇನ್ನೊಂದು ಮಾಡಿತು. ಬರಮವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಆಗ ಅವನು ಏನು ಮಾಡಿದ ಗೊತ್ತೇ? ಯಾರೋ ದಾರಿಹೋಕನ ಕೈಯಲ್ಲಿ ಲಗಮವ್ವನ ಅಂಗಡಿಯಿಂದಲೇ ಒಂದು ಕಂಬಳಿ ತರಿಸಿದ. ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಅರಮನೆಗೆ ಹೋದ. ಅರಮನೆಯಿಂದ ಕರೆ ಹೋಗಿ ಲಗಮವ್ವನೂ ತನ್ನದೊಂದು ತಂದಿದ್ದಳು.

ಮುದುಕಿ ಎರಡನ್ನೂ ಮಡಿಲಲ್ಲಿ ಹಾಕಿಕೊಂಡು ಸವರಿದಳು. ಎರಡೂ ಒಂದೇ ಕೈಯ ನೇಯ್ಗೆ ಅನ್ನಿಸಿತು. ಜಕ್ಕಪ್ಪನ ಮುಖ ನೋಡಿದಳು. ಆಮೇಲೆ ನಯವಾಗಿ ಕೇಳಿದಳು: "ಇದು ನಿನ್ನ ಕೈಯಿಂದು ಹೌದಲ್ಲಪ್ಪಾ?"

"ನನ್ನ ಕೈಯಿಂದೇ ತಾಯಿ."

"ಬಾಳ ಚೆಲೋ ಐತಿ. ಇಂಥದ್ದ ಇನ್ನೊಂದು ಬೇಕು. ಅಂಗಳದಾಗ ಮಗ್ಗ ಹೂಡಿಸೀನಿ, ಒಂದು ಗೇಣು ನೇಯ್ದು ತೋರಿಸು."

ಜಕ್ಕಪ್ಪ ಒಲ್ಲೆ ಅನ್ನುವ ಹಾಗಿಲ್ಲ. ಕೂತ. ಲಾಳಿ ಎಸೆದರೆ ಹಾಸಿನ ಎಳೆಗಳಲ್ಲೇ ಸಿಕ್ಕಿಕೊಂಡಿತು. ಎಳೆ ಹರಿಯಿತು. ಗಂಟು ಹಾಕಿದ, ಮತ್ತೆ ಹರಿಯಿತು. ಸುತ್ತ ನಿಂತವರು ಗೊಳ್ಳೆಂದು ನಕ್ಕರು.

ಲಗಮವ್ವ ಮಾತ್ರ ನಗಲಿಲ್ಲ. ಮಗ್ಗದ ಹತ್ತಿರ ಬಂದು ಕೂತಳು.

"ಅಣ್ಣಾರ, ನನ್ನ ಗಂಡ ನೀವು ನೇಯ್ದ ಕಂಬಳಿ ಹೊದೀತಿದ್ದ. ಅವ ತೀರಿಕೊಂಡ ಮ್ಯಾಲ ಅದನ್ನ ಎಳಿ ಎಳಿ ಬಿಚ್ಚಿ ನೋಡಿ ನೇಯೋದು ಕಲ್ತೆ. ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ನಿಮ್ಮನ್ನ ಕೇಳಿ ಕಲೀಬೇಕಂತನ ಈ ಊರಿಗೆ ಬಂದೆ. ನೀವು ನನ್ನ ಕೂಡ ಮಾತೇ ಆಡಲಿಲ್ಲ."

ಜಕ್ಕಪ್ಪ ಲಾಳಿ ಕೆಳಗಿಟ್ಟ. "ಆ ಕಂಬಳಿ ಇವಳದು ತಾಯಿ. ನನ್ನದಲ್ಲ" ಅಂದ.

ರಾಜ ಸಿಟ್ಟಾಗಿ ಕೈ ಎತ್ತಿದ. ಲಗಮವ್ವ ಅಡ್ಡ ಬಂದಳು. "ಬ್ಯಾಡ್ರಿ ದೊರೆ. ಅವರು ನನ್ನ ಗುರು ಆಗೋರಿದ್ದರು." ಹಾಗೆಂದು ತನ್ನ ಗಂಟುಮೂಟೆ ಕಟ್ಟಿದಳು. ಇಂಥ ಊರಲ್ಲಿ ಇರಲು ಅವಳಿಗೆ ಮನಸ್ಸಾಗಲಿಲ್ಲ. ಹೊಳೆ ದಾಟಿ ಇನ್ನೊಂದು ಊರಿಗೆ ಹೋಗಿ ಅಂಗಡಿ ಹಾಕಿದಳು. ಒರಟು ಉಣ್ಣೆಗೂ ಬೆಲೆ ಕೊಡುವವಳು ಅಂತ ಕುರಿಗಾರರು ಅವಳ ಹಿಂದೆ ಹೋದರು. ಕುರಿಗಾರರ ಹಿಂದೆ ಕೊಳ್ಳುವವರೂ ಹೋದರು.

ಜಕ್ಕಪ್ಪನ ಆಸೆ ಕೈಗೂಡಿತು. ಎದುರಂಗಡಿ ಎದ್ದು ಹೋಗಿತ್ತು. ಅದರ ಸಂಗಡ ಸಂತೆಯೂ ಎದ್ದು ಹೋಗಿತ್ತು.

ಆಮೇಲೆ ಅವನು ಮಗ್ಗದಲ್ಲಿ ಕೂತ. ಯಾರೂ ಹೇಳಲಿಲ್ಲ, ತಾನಾಗೇ ಕೂತ. ಎಳೆ ಹರಿದರೆ ಗಂಟು ಹಾಕಿದ, ತಪ್ಪಿದರೆ ಬಿಚ್ಚಿದ. ತಿಂಗಳುಗಟ್ಟಲೆ ಹೆಣಗಿದ ಮೇಲೆ ಹಳೆಯ ಕೈ ಸ್ವಲ್ಪ ಸ್ವಲ್ಪ ಮರಳಿತು. ಕಡೆಗೊಂದು ಒಳ್ಳೆಯ ಕಂಬಳಿ ಮಗ್ಗದಿಂದ ಇಳಿಸಿದ. ಕೋಟೆಯ ಮುಂದೆ ಹರಡಿಕೊಂಡು ಕೂತ. ಬೆಳಗಾಯಿತು, ಮಧ್ಯಾಹ್ನವಾಯಿತು, ಹೊತ್ತು ಇಳಿಯಿತು. ಮುಟ್ಟಿ ನೋಡಲು ಒಬ್ಬರೂ ಬರಲಿಲ್ಲ.

ಬರಮವ್ವ ಬುತ್ತಿ ತಂದು ಪಕ್ಕದಲ್ಲಿ ಕೂತಳು. "ಚೆಲೋ ನೇಯ್ದೀರಿ" ಅಂದಳು.

"ಹೌದು," ಅಂದ ಜಕ್ಕಪ್ಪ. "ಆಕಿ ಇದ್ದಿದ್ದರ, ಈ ಅಂಚು ಹೆಂಗ ತಿರುಗಿಸಿದ್ರಿ ಅಂತ ಕೇಳ್ತಿದ್ದಳು." ಬುತ್ತಿ ಬಿಚ್ಚಲಿಲ್ಲ. ಖಾಲಿ ಬಯಲನ್ನೇ ನೋಡುತ್ತ ಕೂತ.

ಇಷ್ಟೇ ಕತೆ ಮಕ್ಕಳೇ. ನಾಳೆ ನೀವೂ ಅಂಗಡಿ ಇಡುತ್ತೀರಿ, ವ್ಯಾಪಾರ ಮಾಡುತ್ತೀರಿ. ಎದುರಿಗೊಬ್ಬರು ಬಂದೇ ಬರುತ್ತಾರೆ. ಅವರನ್ನು ನೋಡಿ ಕಲಿಯಿರಿ, ಅವರಿಗೂ ಕಲಿಸಿರಿ. ಅವರನ್ನು ಕೆಡವಲು ಹೋಗಬೇಡಿ. ಪರರ ಅಂಗಡಿ ಮುಚ್ಚಿಸಲು ಹೊರಟವನ ಕಸುಬು ಮೊದಲು ಮುಚ್ಚುತ್ತದೆ.

ಹೋಗಿ, ಮಲಗಿ ಇನ್ನು. ಕತೆಯವರು ಹೊಳೆಯ ಆಚೆ, ನಾವು ಹೊಳೆಯ ಈಚೆ.